ಗೋಡೆ ಕಟ್ಟಿದವರು ಯಾರು?

1871ರ ಸೆಪ್ಟೆಂಬರ್. ಕಾರ್ಲ್ ಮೌಖ್ ಎಂಬ ಜರ್ಮನ್ ಭೂವಿಜ್ಞಾನಿ ಆಫ್ರಿಕಾದ ದಕ್ಷಿಣದ ಒಳನಾಡಿನಲ್ಲಿ ಅಲೆಯುತ್ತ, ಗಿಡಗಂಟಿ ಮುಚ್ಚಿದ ಒಂದು ಕಲ್ಲಿನ ಊರಿನ ಮುಂದೆ ಬಂದು ನಿಂತ. ಮೂರಾಳೆತ್ತರಕ್ಕೂ ಮಿಗಿಲಾದ ಗೋಡೆಗಳು. ಗಾರೆ ಇಲ್ಲ, ಕೆಸರಿನ ಅಂಟೂ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿಯೇ ಎಬ್ಬಿಸಿದವು. ಕೆಲವು ತಿಂಗಳ ಮೇಲೆ ಅವನು ಮತ್ತೆ ಅಲ್ಲಿಗೆ ಬಂದ. ಬಾಗಿಲ ಮೇಲಿನ ಅಡ್ಡತೊಲೆಯಿಂದ ಒಂದು ಸಿಬಿರು ಕಿತ್ತು ತನ್ನ ಪೆನ್ಸಿಲ್ಲಿನ ಪಕ್ಕದಲ್ಲಿ ಹಿಡಿದು ನೋಡಿದ. ಅದೇ ಕೆಂಪು, ಅದೇ ಕಂಪು. ಪೆನ್ಸಿಲ್ ದೇವದಾರು ಮರದ್ದು. ಹಾಗಾದರೆ ತೊಲೆ ಲೆಬನಾನಿನ ದೇವದಾರುವೇ ಇರಬೇಕು, ಅದನ್ನು ಸಮುದ್ರದ ಮೇಲೆ ತಂದವರು ಫಿನೀಷಿಯನ್ನರೇ ಇರಬೇಕು, ಕಟ್ಟಿಸಿದವಳು ಬೈಬಲ್ಲಿನಲ್ಲಿ ಬರುವ ಶೀಬಾ ರಾಣಿಯೇ ಇರಬೇಕು. ಒಂದು ಸಿಬಿರಿನಿಂದ ಒಬ್ಬಳು ರಾಣಿಯವರೆಗೆ ಅವನು ಹೋದ ದಾರಿ ಇಷ್ಟೇ.

ಆ ಮರ ಆಫ್ರಿಕಾದ್ದೇ. ಆ ಗೋಡೆಯೂ ಆಫ್ರಿಕಾದವರದ್ದೇ. ಅವನು ಅಲ್ಲಿ ನಿಂತಿದ್ದಾಗ ಅದೇ ಗುಡ್ಡದ ಆಸುಪಾಸಿನಲ್ಲಿ ಶೋನಾ ಮಾತಾಡುವ ಜನ ಬದುಕುತ್ತಿದ್ದರು, ದನ ಕಟ್ಟುತ್ತಿದ್ದರು, ರಾಗಿ ಬೆಳೆಯುತ್ತಿದ್ದರು. ಇವರ ಅಜ್ಜ ಮುತ್ತಜ್ಜಂದಿರು ಇದನ್ನು ಕಟ್ಟಿರಬಹುದು ಎಂಬ ಯೋಚನೆ ಅವನ ತಲೆಗೆ ಹೊಳೆಯಲಿಲ್ಲ. ಅದು ಹೊಳೆಯಬಾರದು ಎಂದು ಆಮೇಲೆ ಒಂದು ಸರ್ಕಾರವೇ ಪಣ ತೊಟ್ಟು ನಿಂತಿತು. ಆಫ್ರಿಕಾದ ಜನ ತಮ್ಮ ಚರಿತ್ರೆಯನ್ನೂ ತಿಳಿವಳಿಕೆಯನ್ನೂ ಮರಳಿ ಪಡೆಯುವ ಕೆಲಸ ಎಷ್ಟು ಉದ್ದದ್ದು, ಎಷ್ಟು ಕಷ್ಟದ್ದು ಎಂದು ತಿಳಿಯಲು ಈ ಒಂದೇ ಊರಿನ ಸುತ್ತ ನಿಧಾನವಾಗಿ ಓಡಾಡಿ ಬಂದರೆ ಸಾಕು ಎನಿಸುತ್ತದೆ.

ಊರಿನ ಹೆಸರು ಗ್ರೇಟ್ ಜಿಂಬಾಬ್ವೆ. ಇಂದಿನ ಮಸ್ವಿಂಗೊ ಪಟ್ಟಣದ ಹತ್ತಿರ 700 ಹೆಕ್ಟೇರ್‌ಗೂ ಮಿಕ್ಕಿ ಹರಡಿದೆ. 11ನೇ ಶತಮಾನದಿಂದ 15ನೇ ಶತಮಾನದವರೆಗೆ ಬೆಳೆದ ರಾಜಧಾನಿ ಇದು. ನಮ್ಮಲ್ಲಿ ಹೊಯ್ಸಳರು ಬಳಪದ ಕಲ್ಲು ಕಡೆಯುತ್ತಿದ್ದ ಕಾಲವೂ ಅದರೊಳಗೇ ಬರುತ್ತದೆ. ಗುಡ್ಡದ ಮೇಲೊಂದು ಕೋಟೆಯಂಥ ನೆಲೆ. ಕೆಳಗೆ ಸುಮಾರು 250 ಮೀಟರ್ ಸುತ್ತಳತೆಯ ದೊಡ್ಡ ಆವರಣ. ಅದರ ಹೊರಗೋಡೆ ಕೆಲವೆಡೆ 11 ಮೀಟರ್ ಎತ್ತರ, 5 ಮೀಟರ್ ದಪ್ಪ. ಆ ನಾಡಿನ ಗ್ರಾನೈಟ್ ಬಂಡೆ ಬಿಸಿಲಿಗೂ ಚಳಿಗೂ ಈರುಳ್ಳಿಯ ಹಾಗೆ ಪದರಪದರವಾಗಿ ಬಿಡುತ್ತದೆ. ಬಿಡದಿದ್ದ ಕಡೆ ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿದು ಸೀಳುತ್ತಿದ್ದರು. ಬೆಂಕಿಯಿಂದ ಬಂಡೆ ಎಬ್ಬಿಸುವುದನ್ನು ಕಂಡ ನಮ್ಮ ಕಲ್ಲುಕುಟಿಗರಿಗೆ ಇದು ತೀರ ಹೊಸದೆನಿಸದು. ಸೀಳಿದ ಚಪ್ಪಡಿಯನ್ನು ಇಟ್ಟಿಗೆಯಳತೆಗೆ ಒಡೆದು ವರಸೆಯ ಮೇಲೆ ವರಸೆ ಕೂರಿಸುತ್ತ, ಮೇಲೆ ಹೋದಂತೆ ಗೋಡೆಯನ್ನು ತುಸು ಒಳಕ್ಕೆ ವಾಲಿಸಿದ್ದಾರೆ. ಮೊದಮೊದಲಿನ ಗೋಡೆಗಳಲ್ಲಿ ಕಲ್ಲು ಅಂಕುಡೊಂಕು. ಬರಬರುತ್ತ ವರಸೆ ನೇರವಾಗುತ್ತದೆ, ಕೈ ಪಳಗುತ್ತದೆ. ಹೊರಗಿನಿಂದ ಬಂದ ಶಿಲ್ಪಿ ಕಲಿತ ವಿದ್ಯೆಯನ್ನು ಹೊತ್ತೇ ಬರುತ್ತಿದ್ದ. ಇಲ್ಲಿ ವಿದ್ಯೆ ಅದೇ ನೆಲದಲ್ಲಿ ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ ಬೆಳೆದದ್ದು ಕಣ್ಣಿಗೇ ಕಾಣುತ್ತದೆ.

ಅಲ್ಲಿ ಸಿಕ್ಕ ವಸ್ತುಗಳಲ್ಲಿ ಚೀನಾದ ಹಸಿರು ಮೆರುಗಿನ ಪಿಂಗಾಣಿ ಇದೆ, ಪರ್ಷಿಯಾದ ಪಾತ್ರೆಯ ಚೂರಿದೆ, ಕಿಲ್ವಾ ಬಂದರಿನ ನಾಣ್ಯವಿದೆ, ಭಾರತದ ಗಾಜಿನ ಮಣಿಗಳಿವೆ. ಇಲ್ಲಿಂದ ಚಿನ್ನ ಸೊಫಾಲಾ ಕರಾವಳಿಗೆ ಇಳಿದು ಹಿಂದೂ ಮಹಾಸಾಗರ ದಾಟುತ್ತಿತ್ತು. ಕತ್ತಲೆಯ ಖಂಡವೆಂದು ಆಮೇಲೆ ಹೆಸರಿಟ್ಟವರು ಹುಟ್ಟುವ ಮೊದಲೇ ನಮ್ಮ ಕಡಲಿಗೂ ಅವರ ಕಡಲಿಗೂ ಕೊಡುಕೊಳ್ಳುವ ವ್ಯವಹಾರವಿತ್ತು.

ಅಗೆದು ಎಸೆದ ಪುರಾವೆ

ಮೌಖ್‌ನ ತಪ್ಪು ಒಬ್ಬನ ತಪ್ಪಾಗಿ ಉಳಿಯಲಿಲ್ಲ. ಸೆಸಿಲ್ ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ 1890ರಲ್ಲಿ ಈ ನಾಡಿಗೆ ಕಾಲಿಟ್ಟಿತು. ಮರುವರ್ಷವೇ ಥಿಯೊಡೋರ್ ಬೆಂಟ್ ಎಂಬಾತ ಕಂಪನಿಯ ಬೆಂಬಲದಿಂದ ಉತ್ಖನನಕ್ಕೆ ಬಂದ. ಅಗೆದಲ್ಲೆಲ್ಲ ಆಫ್ರಿಕಾದವರ ಮಡಕೆ, ಕುಲುಮೆ, ಕಬ್ಬಿಣದ ಆಯುಧಗಳೇ ಸಿಕ್ಕವು. ಆದರೂ ಇದು ಹೊರಗಿನ ಯಾವುದೋ ಪ್ರಾಚೀನ ಜನಾಂಗದ್ದು ಎಂದೇ ಬರೆದ. ಕಂಪನಿಗೆ ಬೇಕಾಗಿದ್ದದ್ದೂ ಆ ಮಾತೇ. ಬಹಳ ಹಿಂದೆ ಬಿಳಿಯರ ನಾಗರಿಕತೆಯೊಂದು ಇಲ್ಲಿತ್ತು ಎಂದಾದರೆ, ಈಗ ಬಂದವರು ಕಸಿಯುವವರಲ್ಲ, ತಮ್ಮದನ್ನು ಮರಳಿ ಪಡೆಯುವವರು! 1895ರಲ್ಲಿ ಪಾಳುಬಿದ್ದ ಊರುಗಳಲ್ಲಿ ಚಿನ್ನ ಹುಡುಕಲೆಂದೇ ಒಂದು ಕಂಪನಿ ಹುಟ್ಟಿ, ಸಮಾಧಿಗಳನ್ನು ಬಗೆದು ಒಡವೆಗಳನ್ನು ತೆಗೆಯಿತು.

ಅದಕ್ಕಿಂತ ನೋವಿನದು ಮುಂದಿನ ಸಂಗತಿ. 1902ರಲ್ಲಿ ಈ ಸ್ಥಳದ ಉಸ್ತುವಾರಿಗೆ ನೇಮಕವಾದ ರಿಚರ್ಡ್ ಹಾಲ್, ಕಪ್ಪು ಜನರ ವಾಸದಿಂದ ಸೇರಿದ ಕೊಳೆಯನ್ನು ತೆಗೆದು ಅಸಲಿ ಕಟ್ಟಡವನ್ನು ಹೊರತರುತ್ತೇನೆಂದು ಹೊರಟ. ಎರಡು ವರ್ಷ ಅಗೆಸಿದ. ಹಲವು ಅಡಿ ದಪ್ಪದ ಮಣ್ಣಿನ ಪದರಗಳನ್ನು ಹೊರಗೆ ಹಾಕಿಸಿದ. ಆ ಪದರಗಳಲ್ಲಿದ್ದದ್ದು ಮನೆಗಳ ನೆಲಗಟ್ಟು, ಒಲೆ, ಮಡಕೆ, ಮೂಳೆ. ಯಾರು ಬದುಕಿದ್ದರು, ಏನು ಉಣ್ಣುತ್ತಿದ್ದರು, ಯಾವ ಕಾಲದಲ್ಲಿ ಎಂಬುದಕ್ಕೆಲ್ಲ ಸಾಕ್ಷಿ. ಗೋಡೆ ಕಟ್ಟಿದವರ ಗುರುತನ್ನೇ ಕೊಳೆಯೆಂದು ಕರೆದು ಎಸೆದರು. ಇವತ್ತಿನ ಪುರಾತತ್ವಜ್ಞರು ಎಷ್ಟೇ ಹೊಸ ವಿಧಾನ ತಂದರೂ ಆ ಪದರಗಳು ಮರಳಿ ಬರುವುದಿಲ್ಲ. ಲೂಟಿಯಾದ ಒಡವೆ ಎಲ್ಲೋ ಒಂದು ಕಪಾಟಿನಲ್ಲಿ ಇದ್ದೀತು. ಕೆದರಿ ಚೆಲ್ಲಿದ ಮಣ್ಣು ಎಲ್ಲೂ ಇರುವುದಿಲ್ಲ.

ಸತ್ಯ ಹೇಳಿದವರೂ ಇದ್ದರು. 1905ರಲ್ಲಿ ಡೇವಿಡ್ ರಾಂಡಲ್ ಮ್ಯಾಕೈವರ್ ಇದು ಆಫ್ರಿಕಾದವರದ್ದೇ, ಮಧ್ಯಯುಗದ್ದೇ ಎಂದು ಸಾರಿದ. 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಇನ್ನಿಬ್ಬರು ಮಹಿಳೆಯರೊಂದಿಗೆ ಬಂದು, ಯಾರೂ ಮುಟ್ಟದೆ ಉಳಿದಿದ್ದ ಜಾಗಗಳನ್ನು ಹುಡುಕಿ ಅಗೆದು, ಅದೇ ತೀರ್ಮಾನಕ್ಕೆ ಬಂದರು. ವಿದ್ವತ್ತಿನ ಮಟ್ಟಿಗೆ ಅಲ್ಲಿಗೆ ವಾದ ಮುಗಿಯಬೇಕಿತ್ತು. ಮುಗಿಯಲಿಲ್ಲ. 1965ರ ನಂತರ, ಆಗ ರೊಡೇಶಿಯಾ ಎನಿಸಿಕೊಂಡಿದ್ದ ಆ ನಾಡಿನಲ್ಲಿ, ಇಯಾನ್ ಸ್ಮಿತ್‌ನ ಬಿಳಿಯರ ಸರ್ಕಾರ ಮಾರ್ಗದರ್ಶಿ ಪುಸ್ತಕಗಳ ಮೇಲೆ ಕಣ್ಣಿಟ್ಟಿತು. ಕಪ್ಪು ಜನ ಕಟ್ಟಿದ್ದು ಎಂದು ನೇರವಾಗಿ ಹೇಳಬೇಡಿ, ಯಾರು ಕಟ್ಟಿದರೋ ಗೊತ್ತಿಲ್ಲ ಎನ್ನಿ ಎಂಬ ಒತ್ತಡ. ಸ್ಮಾರಕಗಳ ಹಿರಿಯ ಅಧಿಕಾರಿಯಾಗಿದ್ದ ಪೀಟರ್ ಗಾರ್ಲೇಕ್ ಅದಕ್ಕೆ ಮಣಿಯದೆ 1970ರಲ್ಲಿ ದೇಶ ಬಿಟ್ಟರು. ಯೋಚಿಸಿ ನೋಡಿ: ಒಂದು ಗೋಡೆಯ ವಯಸ್ಸು ಹೇಳಿದ್ದಕ್ಕೆ ಒಬ್ಬ ವಿದ್ವಾಂಸ ದೇಶ ಬಿಡಬೇಕಾಯಿತು.

ಇದು ರೊಡೇಶಿಯಾ ಒಂದರ ರೋಗವಲ್ಲ. 1963ರಲ್ಲಿ ಆಕ್ಸ್‌ಫರ್ಡಿನ ಚರಿತ್ರೆಯ ಪ್ರಾಧ್ಯಾಪಕ ಹ್ಯೂ ಟ್ರೆವರ್ ರೋಪರ್, ಆಫ್ರಿಕಾಕ್ಕೆ ಚರಿತ್ರೆಯಿಲ್ಲ, ಅಲ್ಲಿ ಯುರೋಪಿನವರು ಮಾಡಿದ್ದಷ್ಟೇ ಚರಿತ್ರೆ, ಮಿಕ್ಕದ್ದು ಕತ್ತಲು ಎಂಬ ಅರ್ಥದ ಮಾತಾಡಿದ. ಮರುವರ್ಷ, 1964ರಲ್ಲಿ, ಯುನೆಸ್ಕೊ ಆಫ್ರಿಕಾದ ಸಮಗ್ರ ಚರಿತ್ರೆಯ ಯೋಜನೆ ಆರಂಭಿಸಿತು. ಎಂಟು ಸಂಪುಟಗಳ ಆ ಮಾಲೆಯ ಮೊದಲ ಸಂಪುಟ 1981ರಲ್ಲಿ ಹೊರಬಂತು. ಅದರ ಸಂಪಾದಕ ಬುರ್ಕಿನಾ ಫಾಸೊದ ಜೋಸೆಫ್ ಕಿ ಜೆರ್ಬೊ. ಲಿಖಿತ ದಾಖಲೆ ಮಾತ್ರ ಆಧಾರವಲ್ಲ, ಬಾಯಿಂದ ಬಾಯಿಗೆ ಬಂದ ವಂಶಾವಳಿ, ಹಾಡು, ಐತಿಹ್ಯವೂ ಶಿಸ್ತಿನಿಂದ ಪರೀಕ್ಷಿಸಿದರೆ ಆಧಾರವೇ ಎಂದು ಆ ಸಂಪುಟ ವಿಧಾನವನ್ನೇ ಕಟ್ಟಿಕೊಟ್ಟಿತು. ಮಂಟೇಸ್ವಾಮಿ, ಮಾದೇಶ್ವರರ ಚರಿತ್ರೆಯನ್ನು ಹಾಡುವವರ ಬಾಯಿಂದಲೇ ಪಡೆದ ನಾವು ಇದರ ತೂಕವನ್ನು ಬೇಗ ಅರಿಯುತ್ತೇವೆ.

ಹಕ್ಕಿ ಮರಳಿತು, ದನಿ ಮರಳಲಿಲ್ಲ

1980ರ ಏಪ್ರಿಲ್ 18ರಂದು ರೊಡೇಶಿಯಾ ಸ್ವತಂತ್ರವಾದಾಗ, ಯಾರು ಕಟ್ಟಿದ್ದೆಂದು ಹೇಳಬಾರದಾಗಿದ್ದ ಆ ಕಲ್ಲಿನ ಊರಿನ ಹೆಸರನ್ನೇ ದೇಶಕ್ಕೆ ಇಟ್ಟರು. ಶೋನಾದಲ್ಲಿ ಆ ಹೆಸರಿಗೆ ಕಲ್ಲಿನ ಮನೆಗಳು ಎಂಬ ಅರ್ಥ ಹೇಳುತ್ತಾರೆ. ಆ ಊರಿನಲ್ಲಿ ಬಳಪದ ಕಲ್ಲಿನಲ್ಲಿ ಕಡೆದ ಹಕ್ಕಿಗಳಿದ್ದವು. ಅದರಲ್ಲೊಂದು ಬಾವುಟಕ್ಕೆ ಬಂತು.

ಹಕ್ಕಿಗಳ ಕತೆಯೇ ಒಂದು ಪುರಾಣ. ಒಟ್ಟು ಎಂಟು. 1889ರಲ್ಲಿ ವಿಲ್ಲಿ ಪೋಸೆಲ್ಟ್ ಎಂಬ ಬೇಟೆಗಾರ ಒಂದನ್ನು ಪೀಠದಿಂದ ಬೇರ್ಪಡಿಸಿ ಹೊತ್ತೊಯ್ದ. ಅದು ರೋಡ್ಸ್‌ನ ಕೈ ಸೇರಿ ಕೇಪ್‌ಟೌನಿನ ಅವನ ಮನೆಯ ಅಲಂಕಾರವಾಯಿತು. ಬೆಂಟ್ ಇನ್ನಷ್ಟನ್ನು ಸಾಗಿಸಿದ. 1981ರಲ್ಲಿ ದಕ್ಷಿಣ ಆಫ್ರಿಕಾ ನಾಲ್ಕನ್ನು ಮರಳಿಸಿತು. ರೋಡ್ಸ್‌ನ ಮನೆಯದು ಆಗ ಬರಲಿಲ್ಲ. ಇನ್ನೊಂದು ಹಕ್ಕಿಯ ಮೇಲರ್ಧ ಜಿಂಬಾಬ್ವೆಯಲ್ಲಿ, ಪೀಠದ ಭಾಗ ಬರ್ಲಿನ್ನಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಆ ಪೀಠ ಸೋವಿಯತ್ ಸೈನ್ಯದ ಪಾಲಾಗಿ ಲೆನಿನ್‌ಗ್ರಾಡ್ ಕಂಡು, ಮತ್ತೆ ಜರ್ಮನಿಗೆ ಬಂದು, ಕೊನೆಗೆ 2003ರಲ್ಲಿ ಮನೆ ಸೇರಿತು. ಇಂಥ ಮರಳುವಿಕೆ ಈಗ ಖಂಡದ ಬೇರೆ ಕಡೆಯೂ ನಡೆದಿದೆ. ದಹೋಮೆಯ ಅರಮನೆಯಿಂದ ಹೋದ 26 ವಸ್ತುಗಳನ್ನು ಫ್ರಾನ್ಸ್ 2021ರ ನವೆಂಬರ್‌ನಲ್ಲಿ ಬೆನಿನ್ ದೇಶಕ್ಕೆ ಕೊಟ್ಟಿತು. 1897ರಲ್ಲಿ ಬ್ರಿಟಿಷ್ ಸೈನ್ಯ ಇಂದಿನ ನೈಜೀರಿಯಾದಲ್ಲಿರುವ ಬೆನಿನ್ ನಗರದಿಂದ ದೋಚಿದ ಲೋಹಶಿಲ್ಪಗಳಲ್ಲಿ ಒಂದು ಪಾಲನ್ನು ಜರ್ಮನಿ 2022ರಲ್ಲಿ ನೈಜೀರಿಯಾಕ್ಕೆ ಒಪ್ಪಿಸಿತು. ಒಳ್ಳೆಯದೇ ಆಯಿತು. ಆದರೆ ವಸ್ತು ಬಂದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಂಡರೆ ತಪ್ಪುತ್ತೇವೆ. ಗ್ರೇಟ್ ಜಿಂಬಾಬ್ವೆಯೇ ಅದನ್ನು ಕಲಿಸುತ್ತದೆ.

ಆ ಊರಿನ ಸುತ್ತ ನೆಮನ್ವಾ, ಚರುಂಬಿರಾ, ಮುಗಾಬೆ ಎಂಬ ಕುಲದವರಿದ್ದಾರೆ (ಇಲ್ಲಿ ಮುಗಾಬೆ ಎಂದರೆ ಮಾಜಿ ಅಧ್ಯಕ್ಷರಲ್ಲ, ಆ ಹೆಸರಿನ ಒಂದು ಸ್ಥಳೀಯ ಮನೆತನ). ಗುಡ್ಡ ಅವರಿಗೆ ಪಾಳು ಕಟ್ಟಡವಲ್ಲ, ಹಿರಿಯರ ಚೇತನ ನೆಲೆಸಿದ ಜಾಗ. ಹಿಂದೆ ಅಲ್ಲಿಂದ ದನಿಗಳು ಕೇಳಿಸುತ್ತಿದ್ದವು, ದನ ಕೂಗುವುದು, ಹೆಂಗಸರು ಮಾತಾಡುವುದು ಕೇಳಿಸುತ್ತಿತ್ತು, ಈಗ ಎಲ್ಲ ಮೌನವಾಗಿದೆ ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಬಿಳಿಯರ ಸರ್ಕಾರ ಬೇಲಿ ಹಾಕಿತು, ಟಿಕೆಟ್ ಇಟ್ಟಿತು. ಸ್ವತಂತ್ರ ದೇಶದ ಸರ್ಕಾರ ಬೇಲಿಯನ್ನು ಉಳಿಸಿಕೊಂಡಿತು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಸಂರಕ್ಷಣೆಯ ನಿಯಮಗಳು ಇನ್ನೂ ಬಿಗಿಯಾದವು. ಪೂಜೆಗೆ, ಹಿರಿಯರ ಕಾರ್ಯಕ್ಕೆ ಅನುಮತಿ ಕೇಳಿ ನಿಲ್ಲುವ ಸ್ಥಿತಿ ಆ ಕುಲದವರದ್ದಾಯಿತು. ರಾಷ್ಟ್ರಕ್ಕೆ ಚರಿತ್ರೆ ಸಿಕ್ಕಿತು. ಅದನ್ನು ಕಾಪಾಡಿಕೊಂಡು ಬಂದ ಮನೆಗಳಿಗೆ ಬಾಗಿಲು ಅರ್ಧವೇ ತೆರೆಯಿತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಕಸಿದುಕೊಂಡ ಚರಿತ್ರೆಯನ್ನು ಮರಳಿ ಪಡೆದ ಕೈಯೇ ಅದರಿಂದ ಬೇರೆಯವರನ್ನು ಹೊಡೆಯಲೂಬಹುದು. 1983ರಿಂದ 1987ರವರೆಗೆ ಜಿಂಬಾಬ್ವೆಯ ಪಶ್ಚಿಮದ ಮಟಬೆಲೆಲ್ಯಾಂಡಿನಲ್ಲಿ ಸರ್ಕಾರದ ಐದನೇ ಬ್ರಿಗೇಡ್ ಸಾವಿರಾರು ಮಂದಿಯನ್ನು ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಎನ್‌ಡೆಬೆಲೆ ಭಾಷಿಕರು. ವಿಮೋಚನೆಯ ಹೋರಾಟವನ್ನು ಒಂದೇ ಪಕ್ಷದ ಆಸ್ತಿ ಮಾಡಿದ ಪಠ್ಯಗಳಲ್ಲಿ ಆ ಸಾವುಗಳಿಗೆ ಜಾಗವಿರಲಿಲ್ಲ. ಥಾಮಸ್ ಮಪ್ಫುಮೊ ಎಂಬ ಹಾಡುಗಾರನ ಬದುಕಿನಲ್ಲಿ ಈ ಎರಡು ಮುಖಗಳೂ ಕಾಣುತ್ತವೆ. ಶೋನಾ ಜನ ಹಿರಿಯರ ಚೇತನವನ್ನು ಕರೆಯಲು ನುಡಿಸುವ ವಾದ್ಯ ಎಂಬೀರಾ: ಮರದ ಹಲಗೆಯ ಮೇಲೆ ಕಬ್ಬಿಣದ ನಾಲಗೆಗಳು, ಹೆಬ್ಬೆರಳಿನಿಂದ ಮೀಟುವುದು. ಪಾದ್ರಿಗಳು ಅದನ್ನು ಸೈತಾನನ ವಾದ್ಯವೆಂದು ದೂರವಿಡಿಸಿದ್ದರು. ಮಪ್ಫುಮೊ 1970ರ ದಶಕದಲ್ಲಿ ಆ ಮೀಟನ್ನು ಎಲೆಕ್ಟ್ರಿಕ್ ಗಿಟಾರಿಗೆ ತಂದ, ಇಂಗ್ಲಿಷ್ ಹಾಡು ಬಿಟ್ಟು ಶೋನಾದಲ್ಲಿ ಹಾಡಿದ. ಬಿಳಿಯರ ಸರ್ಕಾರ ಅವನನ್ನು ಬಂಧಿಸಿತು. ಅದೇ ಮಪ್ಫುಮೊ 1989ರಲ್ಲಿ ಭ್ರಷ್ಟಾಚಾರದ ಮೇಲೆ ಹಾಡಿದಾಗ ಸ್ವತಂತ್ರ ದೇಶದ ಆಳುವವರಿಗೂ ಬೇಡವಾದ, ಕೊನೆಗೆ ಅಮೆರಿಕಕ್ಕೆ ಹೋಗಿ ನೆಲೆಸಿದ. ಎಂಬೀರಾ ಮಾತ್ರ ಉಳಿಯಿತು. ಹೆಂಗಸರಿಗೆ ಕಲಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಹಟ ಹಿಡಿದು ಕಲಿತ ಸ್ಟೆಲ್ಲಾ ಚಿವೇಶೆ ಅದನ್ನು ಲೋಕದ ವೇದಿಕೆಗಳಿಗೆ ಒಯ್ದರು. 2020ರಲ್ಲಿ ಅದರ ತಯಾರಿಕೆ ಮತ್ತು ನುಡಿಸಾಣಿಕೆ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಬಂತು.

ನೀರು ಬಿತ್ತಿದವರು

ಗ್ರೇಟ್ ಜಿಂಬಾಬ್ವೆಯ ಸುತ್ತ ನೆಲದಲ್ಲಿ ದೊಡ್ಡ ದೊಡ್ಡ ತಗ್ಗುಗಳಿವೆ. ಅವನ್ನು ಧಾಕಾ ಗುಂಡಿ ಎನ್ನುತ್ತಾರೆ. ಧಾಕಾ ಎಂದರೆ ಮನೆ ಕಟ್ಟುವ ಮಣ್ಣು. ಹಳಬರು ಮನೆಗೆ ಮಣ್ಣು ತೆಗೆದ ಜಾಗ, ಅಷ್ಟೇ ಎಂದು ನೂರು ವರ್ಷ ಎಲ್ಲರೂ ಅವುಗಳನ್ನು ದಾಟಿ ಗೋಡೆ ನೋಡಲು ಹೋದರು. ಇನೊಸೆಂಟ್ ಪಿಕಿರಾಯಿ ಎಂಬ ಜಿಂಬಾಬ್ವೆಯ ಪುರಾತತ್ವಜ್ಞ ಮತ್ತು ಅವರ ಸಂಗಡಿಗರು ಆ ಗುಂಡಿಗಳ ಮುಂದೆ ನಿಂತರು. ಗುಡ್ಡದಿಂದ ಮಳೆನೀರು ಇಳಿಯುವ ದಾರಿಯನ್ನು ಅಳೆದರು, ಮಣ್ಣು ಪರೀಕ್ಷಿಸಿದರು, ಸುತ್ತಲಿನ ಊರವರನ್ನು ಕೇಳಿದರು. 2022ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುವುದು ಇದು: ಅವು ಮಳೆನೀರನ್ನೂ ಒಸರುವ ನೀರನ್ನೂ ಹಿಡಿದಿಡುತ್ತಿದ್ದ ಕೆರೆಗಳು. 1.8 ಕೋಟಿ ಲೀಟರ್‌ಗೂ ಹೆಚ್ಚು ನೀರು ಹಿಡಿಸುವಷ್ಟು. ಬೇಸಿಗೆ ಉದ್ದ, ಮಳೆ ನಂಬುವಂತಿಲ್ಲದ ಆ ನಾಡಿನಲ್ಲಿ ಸಾವಿರಾರು ಜನ ಹೇಗೆ ಬದುಕಿದ್ದರು ಎಂಬ ಪ್ರಶ್ನೆಗೆ ಉತ್ತರ ಆ ತಗ್ಗುಗಳಲ್ಲಿ ಇತ್ತು. ನೀರಿಲ್ಲದ ರಾಜಧಾನಿ ಎಲ್ಲಿಯೂ ಇರಲಾರದು. ಆದರೂ ಇಷ್ಟು ಕಾಲ ಗೋಡೆಯನ್ನೇ ನೋಡಿದ್ದೆವು.

ಈ ಊರಿನಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಜ್ವಿಶವಾನೆ ಇದೆ. ಅಲ್ಲಿನ ರೈತ ಜೆಫನಾಯಾ ಫಿರಿ ಮಸೇಕೊ (1927–2015) ಇದೇ ವಿದ್ಯೆಯನ್ನು ತಮ್ಮ ಹೊಲದಲ್ಲಿ, ತಮ್ಮ ಕಣ್ಣಿನಿಂದಲೇ ಮತ್ತೆ ಕಂಡುಕೊಂಡವರು. ರಾಜಕೀಯದಲ್ಲಿ ತೊಡಗಿದ್ದಕ್ಕೆ 1964ರಲ್ಲಿ ರೈಲ್ವೆ ಕೆಲಸ ಹೋಯಿತು. ಉಳಿದದ್ದು ಕೆಲವು ಎಕರೆ ಒಣ ಇಳಿಜಾರು, ಮೇಲ್ಗಡೆ ಒಂದು ಬೋಳು ಗ್ರಾನೈಟ್ ಹಾಸು. ಮಳೆ ಬಂದಾಗ ಅವರು ಮನೆಯೊಳಗೆ ಕೂರಲಿಲ್ಲ. ಹೊಲದಲ್ಲಿ ನಿಂತು, ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಮಳೆ ಬಿಟ್ಟ ಎಷ್ಟು ದಿನದವರೆಗೆ ಎಲ್ಲಿ ತೇವ ಉಳಿಯುತ್ತದೆ ಎಂದು ವರ್ಷಗಟ್ಟಲೆ ನೋಡಿದರು. ಆಮೇಲೆ ಬಂಡೆಯ ಅಂಚಿನಲ್ಲಿ ಗಾರೆಯಿಲ್ಲದ ಗಿಡ್ಡ ಕಲ್ಲುಗೋಡೆಗಳನ್ನು ಕಟ್ಟಿದರು. ಓಡುವ ನೀರು ಗೋಡೆಗೆ ತಾಗಿ ನಡೆಯಲು ಕಲಿಯಿತು. ಅಲ್ಲಿಂದ ಒಂದು ಹೊಂಡ. ಹೊರಗಿನಿಂದ ಬಂದ ನೀರಿಗೆ ತಮ್ಮ ಜಮೀನಿನ ವಲಸೆ ಕಚೇರಿ ಇದೇ ಎಂದು ಅವರು ಬಂದವರಿಗೆ ಪರಿಚಯಿಸುತ್ತಿದ್ದರು. ಹೊಂಡದ ನೀರು ಮಣ್ಣಿನೊಳಗೆ ಇಳಿದು, ಕೆಳಗಿನ ಇಂಗುಗುಂಡಿಗಳನ್ನು ದಾಟಿ, ತಿಂಗಳುಗಳ ಮೇಲೆ ಇಳಿಜಾರಿನ ಬುಡದಲ್ಲಿ ಬಾಳೆಗೆ, ಜೊಂಡಿಗೆ, ಮೀನಿನ ಕೊಳಕ್ಕೆ ತಲುಪುತ್ತಿತ್ತು. ನೀರನ್ನು ಬಿತ್ತುವುದು ಎನ್ನುತ್ತಿದ್ದರು ಅವರು.

ಅದಕ್ಕಾಗಿ ಅವರು ಕೋರ್ಟು ಹತ್ತಬೇಕಾಯಿತು. ಬಿಳಿಯರ ಸರ್ಕಾರದ ಕೃಷಿ ಇಲಾಖೆ ಆಫ್ರಿಕನ್ ರೈತರ ಹೊಲಗಳಲ್ಲಿ ಕಡ್ಡಾಯವಾಗಿ ಬದು ಹಾಕಿಸುತ್ತಿತ್ತು. ಆ ಬದುಗಳ ಲೆಕ್ಕ ಮಳೆನೀರನ್ನು ಹೊಲದಿಂದ ಹೊರಕ್ಕೆ ಸಾಗಹಾಕುವುದು. ಹೆಚ್ಚು ಮಳೆಯ ಜಾಗಕ್ಕೆ ಅದು ಸರಿ, ಒಣಭೂಮಿಗೆ ಅಲ್ಲ. ನೀರು ಹರಿಯುವ ದಾರಿಯಲ್ಲಿ, ಜೌಗಿನಲ್ಲಿ ಬೇಸಾಯ ಮಾಡುವುದೂ ಅಪರಾಧ. 1930ರ ಭೂಹಂಚಿಕೆ ಕಾಯ್ದೆಯಿಂದ ದೇಶದ ಸುಮಾರು ಅರ್ಧ ನೆಲವನ್ನು, ಅದರಲ್ಲೂ ಒಳ್ಳೆಯ ನೆಲವನ್ನು, ಬೆರಳೆಣಿಕೆಯ ಬಿಳಿಯರಿಗೆ ಬರೆದುಕೊಟ್ಟ ಸರ್ಕಾರವೇ, ಒಣನೆಲಕ್ಕೆ ತಳ್ಳಿದ ಜನ ನೀರು ಹಿಡಿದರೆ ದಂಡ ಹಾಕುತ್ತಿತ್ತು. ಫಿರಿಯವರನ್ನು ಹಲವು ಸಲ ಹಿಡಿದರು. ವಿಮೋಚನಾ ಯುದ್ಧದ ಕಾಲದಲ್ಲಿ ಸೆರೆ, ಚಿತ್ರಹಿಂಸೆಗಳೂ ಆದವು. ಅವರು ಹೊಂಡ ಮುಚ್ಚಲಿಲ್ಲ. ಮುಂದೆ ಸಾವಿರಾರು ರೈತರು, ವಿಜ್ಞಾನಿಗಳು ಆ ಜಮೀನು ನೋಡಲು ಬಂದರು.

ಅಲ್ಲಿಂದ ಬಹುದೂರ, ಬುರ್ಕಿನಾ ಫಾಸೊದ ಯಾಟೆಂಗಾ ಸೀಮೆಯಲ್ಲಿ ಯಾಕೂಬಾ ಸವಡೋಗೊ ಅದೇ ವರ್ಷಗಳಲ್ಲಿ ಅಂಥದೇ ಕೆಲಸ ಮಾಡುತ್ತಿದ್ದರು. 1970 ಮತ್ತು 80ರ ದಶಕಗಳ ಬರದಲ್ಲಿ ನೆಲ ಸಿಮೆಂಟಿನಂತೆ ಗಟ್ಟಿಯಾಗಿ, ಜನ ಊರು ಬಿಡುತ್ತಿದ್ದಾಗ, ಜಾಯ್ ಎಂಬ ಹಳೆಯ ಗುಳಿ ಪದ್ಧತಿಯನ್ನು ತಿದ್ದಿ ತಂದರು. ಬೇಸಿಗೆಯಲ್ಲೇ ಗುಳಿ ತೋಡುವುದು, ಮಾಮೂಲಿಗಿಂತ ಅಗಲ, ಆಳ, ಒಳಗೆ ಗೊಬ್ಬರ. ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಗೆದ್ದಲು ಕೊರೆದ ದಾರಿಯಲ್ಲಿ ನೀರು ಇಳಿಯುತ್ತದೆ, ಜೋಳ, ಸಜ್ಜೆ ಏಳುತ್ತವೆ. ಊರವರು ಹುಚ್ಚನೆಂದರು, ಅವರ ಹೊಲಕ್ಕೆ ಬೆಂಕಿಯನ್ನೂ ಇಟ್ಟರು. ಕೊನೆಗೆ ಅದೇ ಜಾಗದಲ್ಲಿ ಅರವತ್ತಕ್ಕೂ ಹೆಚ್ಚು ಜಾತಿಯ ಮರಗಳ ಕಾಡು ನಿಂತಿತು, 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಹಾವೇರಿ ಕಡೆಯ ಗುಳಿ ರಾಗಿ ಗೊತ್ತಿರುವ ರೈತರಿಗೆ, ಗುಳಿಗೊಂದು ಹಿಡಿ ಗೊಬ್ಬರ ಹಾಕಿ ಪೈರು ನೆಡುವವರಿಗೆ, ಈ ಲೆಕ್ಕ ವಿವರಿಸಬೇಕಿಲ್ಲ.

ಈ ಇಬ್ಬರನ್ನು ಗೋಡೆಯ ಕತೆಯ ಪಕ್ಕದಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ಸಂಸ್ಕೃತಿಯ ಪುನರುಜ್ಜೀವನ ಎಂದರೆ ಬಾವುಟ, ಸ್ಮಾರಕ, ಉತ್ಸವ ಎಂದು ಮಾತು ನಿಂತುಬಿಡುತ್ತದೆ. ಕಲ್ಲಿನ ಊರು ಕಟ್ಟಿದವರ ನಿಜವಾದ ವಾರಸುದಾರರು ಇಂದು ಕಲ್ಲಿನ ಗಿಡ್ಡಗೋಡೆ ಕಟ್ಟಿ ಮಳೆ ಹಿಡಿಯುತ್ತಿರುವವರು ಎಂದು ನಾನು ನಂಬುತ್ತೇನೆ. ಅವರ ವಿದ್ಯೆ ಕೃಷಿ ಕಾಲೇಜಿನ ಪಠ್ಯಕ್ಕೆ ಬಂದ ದಿನ, ಅವರ ಮಾತು ಇಲಾಖೆಯ ಆದೇಶಕ್ಕಿಂತ ಮೊದಲು ಕೇಳಿಸಿದ ದಿನ, ಮೌಖ್‌ನ ಪೆನ್ಸಿಲ್ ಬರೆದ ತಪ್ಪು ಅಳಿಯುತ್ತದೆ.

ಸಾಡ್ಜಾ ಮತ್ತು ಮುದ್ದೆ

ಶೋನಾ ಮನೆಯ ಅಡುಗೆಮನೆಗೆ ಹೋದರೆ ಕನ್ನಡಿಗರಿಗೆ ಪರದೇಶ ಎನಿಸದು. ಜೋಳ ಅಲ್ಲಿ ಮಪ್ಫುಂಡೆ, ಸಜ್ಜೆ ಮ್ಹುಂಗಾ, ಅಲಸಂದೆ ನ್ಯೆಂಬಾ, ರಾಗಿ ಜ್ವಿಯೊ ಅಥವಾ ರಪೋಕೊ. ಕುದಿಯುವ ನೀರಿಗೆ ಹಿಟ್ಟು ಹಾಕಿ ಮುಗೋಟಿ ಎಂಬ ಮರದ ಕೋಲಿನಿಂದ ಗಟ್ಟಿಯಾಗುವವರೆಗೆ ತಿರುವಿದರೆ ಸಾಡ್ಜಾ. ರಾಗಿಯದಾದರೆ ಕಪ್ಪಗೆ, ಮುದ್ದೆಯಂತೆಯೇ. ಕೈಯಲ್ಲಿ ಮುರಿದು ಸೊಪ್ಪಿನ ಪಲ್ಯಕ್ಕೋ ಸಾರಿಗೋ ಅದ್ದಿ ತಿನ್ನುತ್ತಾರೆ. ಹಿರಿಯರ ಚೇತನಕ್ಕೆ ಎಡೆ ಇಡುವ ಬೀರಾ ಎಂಬ ಆಚರಣೆಗೆ ಮೊಳಕೆ ರಾಗಿಯಿಂದ ಕಾಯಿಸಿದ ಕಳ್ಳು ಬೇಕೇ ಬೇಕು.

ಆದರೆ ಇಂದು ಸಾಡ್ಜಾ ಎಂದರೆ ಬಹುಪಾಲು ಬಿಳಿ ಮೆಕ್ಕೆಜೋಳದ್ದು. ಗಣಿಗಳಲ್ಲಿ, ಬಿಳಿಯರ ತೋಟಗಳಲ್ಲಿ ಕೂಲಿಗಳಿಗೆ ಅಳೆದು ಕೊಟ್ಟದ್ದು ಮೆಕ್ಕೆಜೋಳದ ಹಿಟ್ಟು. ಸಂಶೋಧನೆಯ ಹಣ ಹರಿದದ್ದೂ ಅದಕ್ಕೇ. 1960ರಲ್ಲಿ ಅಲ್ಲಿ ಬಿಡುಗಡೆಯಾದ ಎಸ್‌ಆರ್ 52 ಎಂಬ ಹೈಬ್ರಿಡ್ ಲೋಕಪ್ರಸಿದ್ಧ. ಒಳ್ಳೆಯ ಮಳೆಯಿದ್ದರೆ ರಾಶಿ ರಾಶಿ, ಮಳೆ ಕೈಕೊಟ್ಟರೆ ಬರಿಗೈ. ರಾಗಿ ಬಡವರ ತಿನಿಸು, ಹಿಂದುಳಿದವರ ತಿನಿಸು ಎಂಬ ಮಾತು ಜೊತೆಗೇ ಬಂತು. ಈ ಮಾತು ನಾವೂ ಕೇಳಿದ್ದೇವೆ. ಸಾಲು ಸಾಲು ಬರಗಾಲಗಳ ಮೇಲೆ ಈಗ ಅಲ್ಲಿ ಸಣ್ಣ ಧಾನ್ಯಗಳ ಕಡೆಗೆ ಮತ್ತೆ ಮುಖ ತಿರುಗಿದೆ. ಜುಂಡೆ ರಾಮಾಂಬೊ ಎಂಬ ಹಳೆಯ ಕಟ್ಟುಪಾಡೂ ಹಲವೆಡೆ ಜೀವ ಪಡೆದಿದೆ: ಊರ ನಾಯಕನ ಹೆಸರಿನ ಹೊಲದಲ್ಲಿ ಎಲ್ಲರೂ ಸರದಿಯಲ್ಲಿ ದುಡಿದು, ಬೆಳೆದದ್ದನ್ನು ಅನಾಥರಿಗೆ, ಮುದುಕರಿಗೆ, ಬರದ ವರ್ಷಕ್ಕೆ ಕಣಜದಲ್ಲಿ ತೆಗೆದಿಡುವುದು. ಹುಳ ಹತ್ತದೆ ವರ್ಷಗಟ್ಟಲೆ ಉಳಿಯುವ ರಾಗಿ ಅಂಥ ಕಣಜಕ್ಕೆಂದೇ ಹುಟ್ಟಿದ ಧಾನ್ಯ. ನಮ್ಮ ಹಗೇವುಗಳೂ ಅದನ್ನು ನಂಬಿಯೇ ತೋಡಿದವು.

ನಂಟು ಇಲ್ಲಿಗೆ ಬಂದು ನಿಲ್ಲುತ್ತದೆ. ರಾಗಿಯನ್ನು ಕಾಡುಹುಲ್ಲಿನಿಂದ ಆಯ್ದು ಬೆಳೆಯಾಗಿ ಪಳಗಿಸಿದವರು ಇಥಿಯೋಪಿಯಾದಿಂದ ಉಗಾಂಡದವರೆಗಿನ ಎತ್ತರದ ನಾಡಿನ ರೈತರು. ಜೋಳ ಪಳಗಿದ್ದು ಸುಡಾನಿನ ಕಡೆ, ಸಜ್ಜೆ ಪಶ್ಚಿಮದ ಸಹೆಲ್‌ನಲ್ಲಿ, ಅಲಸಂದೆಯೂ ಪಶ್ಚಿಮ ಆಫ್ರಿಕಾದಲ್ಲಿ. ತುಂಗಭದ್ರೆಯ ದಡದ ಹಳ್ಳೂರಿನ ಉತ್ಖನನದಲ್ಲಿ ಸುಮಾರು 3,000 ವರ್ಷದಷ್ಟು ಹಳೆಯ ರಾಗಿ ಕಾಳು ಸಿಕ್ಕಿದೆ. ಅಂದರೆ ಕನ್ನಡ ಎಂಬ ನುಡಿ ಬರಹಕ್ಕೆ ಬರುವ ಎಷ್ಟೋ ಮೊದಲು ಆಫ್ರಿಕಾದ ರೈತರ ಕೈಯ ಬೀಜ ನಮ್ಮ ನೆಲಕ್ಕೆ ಬಿದ್ದಿತ್ತು. ಅದನ್ನು ಕೊಟ್ಟವರ ಹೆಸರನ್ನು ಯಾವ ಶಾಸನವೂ ಬರೆದಿಟ್ಟಿಲ್ಲ.

ಒಬ್ಬರು ಮಾತ್ರ ಆ ಋಣವನ್ನು ಹೆಸರಿನಲ್ಲೇ ಬರೆದಿಟ್ಟರು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಳುವರಿ ಹೆಚ್ಚಿನ ತಳಿಗಳನ್ನು ತಂದರು. ಹಳೆ ಮೈಸೂರು ಸೀಮೆಯ ರೈತರ ಬಾಯಲ್ಲಿ ಇವತ್ತಿಗೂ ಇರುವ ಇಂಡಾಫ್ ಎಂಬ ಹೆಸರು ಇಂಡಿಯಾ, ಆಫ್ರಿಕಾ ಎರಡನ್ನೂ ಜೋಡಿಸಿ ಇಟ್ಟದ್ದು. ಎಷ್ಟೋ ಸಾವಿರ ಮನೆಗಳ ಹಸಿವು ನೀಗಿದ್ದು ಆ ಜೋಡಣೆಯಿಂದ.

ನಮ್ಮ ಮಕ್ಕಳಿಗೆ ಆಫ್ರಿಕಾ ಎಂದರೆ ಈಗಲೂ ಸಿಂಹ, ಮರುಭೂಮಿ, ಹಸಿವು. ಓದುಗರಲ್ಲಿ ಮೇಷ್ಟರಿದ್ದರೆ, ತಾಯ್ತಂದೆಯರಿದ್ದರೆ ಒಂದು ಕೋರಿಕೆ. ಆಫ್ರಿಕಾದ ಪಾಠ ಬಂದ ದಿನ ತರಗತಿಗೆ ಒಂದು ರಾಗಿ ತೆನೆ ತನ್ನಿ, ಗ್ರೇಟ್ ಜಿಂಬಾಬ್ವೆಯ ಗೋಡೆಯ ಚಿತ್ರವೊಂದನ್ನು ಪಕ್ಕದಲ್ಲಿಡಿ, ಇವೆರಡನ್ನೂ ಮಾಡಿದವರು ಯಾರು ಎಂದು ಮಕ್ಕಳಿಗೆ ಹೆಸರಿಟ್ಟು ಹೇಳಿ.